ನಾಲ್ಕು ಬೈಕಿನಿಂದ ಕಪ್ಪತಗುಡ್ಡಕ್ಕೆ ಏನಾಗುತ್ತದೆ?

ಪ್ರಶ್ನೆ: ನಾವು ಹುಬ್ಬಳ್ಳಿಯ ನಾಲ್ವರು ಗೆಳೆಯರು. ಈ ಮಳೆಗಾಲದಲ್ಲಿ ಕಪ್ಪತಗುಡ್ಡದಲ್ಲಿ ಬೈಕ್ ಆಫ್‌ರೋಡಿಂಗ್ ಮಾಡಬೇಕು ಅಂತಿದ್ದೇವೆ. ಅಲ್ಲಿ ಗಾಳಿಯಂತ್ರದ ಲಾರಿಗಳು ಗುಡ್ಡದ ನೆತ್ತಿಯವರೆಗೂ ಹೋಗುತ್ತವೆ. ಕುರಿ, ದನ ಮೇಯುತ್ತವೆ. ಸರ್ಕಾರಿ ಅಡವಿ ಅಂದ್ರೆ ಎಲ್ಲರದ್ದೂ ಅಲ್ವಾ? ನಮ್ಮ ನಾಲ್ಕು ಬೈಕಿನಿಂದ ಏನು ಹಾಳಾಗುತ್ತದೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೆಲವರು ಬೈಕ್ ಅನ್ನುತ್ತಾರೆ, ಕೆಲವರು ಥಾರ್ ಅನ್ನುತ್ತಾರೆ. ನನ್ನ ಉತ್ತರ ಒಂದೇ. ಅರಣ್ಯ ಇಲಾಖೆ ಬಿಡುವ ದಾರಿ ಇದ್ದರೆ ಆ ದಾರಿಯ ಮೇಲೆ ಹೋಗಿ. ದಾರಿ ಬಿಟ್ಟು ಇಳಿಯುವುದು ಬೇಡ. ಅಂದರೆ ನಿಮಗೆ ಬೇಕಾದ ಆಫ್‌ರೋಡಿಂಗ್ ಅಲ್ಲಿ ಆಗುವುದಿಲ್ಲ. ಬೇಜಾರಾಗುತ್ತದೆ, ಗೊತ್ತು. ನಾನೂ ಬೈಕ್ ಓಡಿಸುವವನೇ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಕಪ್ಪತಗುಡ್ಡ 2019ರ ಮೇ ತಿಂಗಳಿಂದ ವನ್ಯಜೀವಿಧಾಮ. ಗದಗ, ಮುಂಡರಗಿ, ಶಿರಹಟ್ಟಿ ಕಡೆ ಹಬ್ಬಿರುವ ಸುಮಾರು 244 ಚದರ ಕಿಲೋಮೀಟರ್ ಅದರೊಳಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಂ ಪ್ರಕಾರ ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಒಳಗೆ ಹೊಲ-ಮನೆ ಇದ್ದವರು, ಸಾರ್ವಜನಿಕ ಹೆದ್ದಾರಿ ಹಿಡಿದು ದಾಟಿ ಹೋಗುವವರು, ಇಂಥ ಕೆಲವರಿಗೆ ಮಾತ್ರ ವಿನಾಯಿತಿ. 28ನೇ ಕಲಂ ಅಡಿ ಫೋಟೊಗ್ರಫಿ, ಅಧ್ಯಯನ, ಪ್ರವಾಸಕ್ಕೆಲ್ಲ ಅನುಮತಿ ಕೊಡಬಹುದು. ಕೊಡಲೇಬೇಕು ಅಂತ ಇಲ್ಲ. ತಪ್ಪಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. 2022ರ ತಿದ್ದುಪಡಿ ಆದ ಮೇಲೆ ದಂಡದ ಮಿತಿ 25 ಸಾವಿರದಿಂದ ಒಂದು ಲಕ್ಷಕ್ಕೆ ಏರಿದೆ. ಬೈಕನ್ನೂ ಜಪ್ತಿ ಮಾಡಬಹುದು. ಇಎಂಐ ಇನ್ನೂ ಮುಗಿದಿರದಿದ್ದರೆ ಇದನ್ನು ಎರಡು ಸಲ ಓದಿ.

ಆದರೆ ನೀವು ಕೇಳಿದ್ದು ಕಾನೂನು ಅಲ್ಲ. ಏನು ಹಾಳಾಗುತ್ತದೆ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರ ಮಣ್ಣಲ್ಲಿದೆ.

ಎರೆ ಹೊಲ ಇದ್ದವರ ಮನೆಯಲ್ಲಿ ಕೇಳಿ ನೋಡಿ. ಹೊಲ ಹಸಿ ಇರುವಾಗ ಟ್ರ್ಯಾಕ್ಟರ್ ಇಳಿಸಲು ಯಾರೂ ಒಪ್ಪುವುದಿಲ್ಲ. ಹದ ಬರಲಿ ಅನ್ನುತ್ತಾರೆ. ಹಸಿ ಮಣ್ಣಿನ ಮೇಲೆ ಗಾಲಿ ಹೋದರೆ ಒಳಗಿನ ಸಣ್ಣ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಅಲ್ಲಿ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಹೊಲವಾದರೆ ಮುಂದಿನ ಸಲ ರಂಟೆ ಹೊಡೆದು ಸಡಿಲ ಮಾಡಬಹುದು. ಗುಡ್ಡಕ್ಕೆ ರಂಟೆ ಹೊಡೆಯುವವರು ಯಾರು?

ಗುಡ್ಡದಲ್ಲಿ ಇನ್ನೂ ಒಂದು ತೊಡಕಿದೆ, ಇಳಿಜಾರು. ಕಪ್ಪತಗುಡ್ಡದಲ್ಲಿ ಮಣ್ಣಿನ ಪದರವೇ ತೆಳು, ಕೆಳಗೆ ಕಲ್ಲು. ಆ ಮಣ್ಣನ್ನು ಹಿಡಿದುಕೊಂಡಿರುವುದು ಹುಲ್ಲಿನ ಬೇರು. ಬೈಕು ಏರು ಹತ್ತುವಾಗ ಹಿಂದಿನ ಗಾಲಿ ನಿಂತಲ್ಲೇ ಗರಗರ ತಿರುಗುತ್ತದಲ್ಲ, ಹುಲ್ಲು ಬೇರುಸಮೇತ ಕಿತ್ತು ಬರುವುದು ಆಗಲೇ. ಗಾಡಿಯ ಭಾರಕ್ಕಿಂತ ಆ ತಿರುಗಾಟವೇ ಹೆಚ್ಚು ಕೆಡಿಸುತ್ತದೆ. ಅದೂ ಬೈಕಿನವರು ಹತ್ತುವುದು ನೆಟ್ಟಗೆ, ಮೇಲಕ್ಕೆ. ಬಳಸಿಕೊಂಡು ಹೋದರೆ ಮಜಾ ಎಲ್ಲಿ? ನೆಟ್ಟಗೆ ಬಿದ್ದ ಗೆರೆ ಮಳೆನೀರಿಗೆ ಸಿದ್ಧ ಕಾಲುವೆ.

ಕಾಲೇಜು ಮುಗಿದ ಹೊಸತರಲ್ಲಿ ನಾವು ಐದು ಜನ ಇದನ್ನೇ ಮಾಡಿದ್ದೆವು. ಕಪ್ಪತಗುಡ್ಡ ಅಲ್ಲ, ಗದಗ ಕಡೆಯದೇ ಒಂದು ಹುಲ್ಲಿನ ದಿಬ್ಬ. ಶ್ರಾವಣದ ತುಂತುರು ಮಳೆ. ಹತ್ತಿದೆವು, ಇಳಿದೆವು, ಬಿದ್ದೆವು, ನಕ್ಕೆವು. ಕೆಳಗೆ ಕಂಬಳಿ ಹೊದ್ದು ನಿಂತಿದ್ದ ಕುರಿ ಕಾಯುವ ಅಜ್ಜ ಬೈಯಲಿಲ್ಲ. "ನೀವು ಹತ್ತಿದ ಗುಂಟ ಮುಂದ ನೀರು ಇಳೀತೈತಿ ನೋಡ್ರಪಾ" ಅಂದ, ಅಷ್ಟೇ. ನಮಗೆ ಏನೂ ತಿಳಿಯಲಿಲ್ಲ. ಎರಡು ಮಳೆಗಾಲ ಕಳೆದು ಹೋದಾಗ ಅಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಶುರುವಾಗಿತ್ತು. ಮೊದಲನೆಯದು ಆಳವಾಯಿತು ಅಂತ ಯಾರೋ ಪಕ್ಕಕ್ಕೆ ಸರಿದು ಹತ್ತಿದ್ದರು.

ನಾಲ್ಕು ಬೈಕಿನ ಲೆಕ್ಕ ತಪ್ಪುವುದು ಇಲ್ಲೇ. ನೀವು ನಾಲ್ವರು ಗೆರೆ ಎಳೆದು, ವಿಡಿಯೊ ಹಾಕಿ ಮನೆಗೆ ಹೋಗುತ್ತೀರಿ. ಮುಂದಿನ ಭಾನುವಾರ ಬಂದವರಿಗೆ ಅದು ಗೆರೆಯಾಗಿ ಕಾಣುವುದಿಲ್ಲ, ದಾರಿಯಾಗಿ ಕಾಣುತ್ತದೆ. ಕೊಚ್ಚಿಹೋದ ಮಣ್ಣು ಹಳ್ಳ ಸೇರುತ್ತದೆ, ಹಳ್ಳದಿಂದ ಡಂಬಳದಂಥ ಊರುಗಳ ಕೆರೆಗೆ ಬಂದು ಕೂರುತ್ತದೆ. ಮಳೆ ಕಡಿಮೆ ಇರುವ ಸೀಮೆ ನಮ್ಮದು. ಹೂಳು ತೆಗೆಸಲು ಹಣ ಎಲ್ಲಿಂದ ಅಂತ ಪಂಚಾಯಿತಿಯವರನ್ನು ಕೇಳಿ.

ಹಾಗಾದರೆ ಬೇಸಿಗೆಯಲ್ಲಿ ಹೋಗೋಣ, ಮಣ್ಣು ಗಟ್ಟಿ ಇರುತ್ತದೆ ಅನ್ನಬಹುದು. ಆಗ ಗುಡ್ಡದ ತುಂಬ ಒಣಗಿದ ಬಾದೆ ಹುಲ್ಲು. ಎದೆಮಟ್ಟ ಬೆಳೆಯುವ, ಎಣ್ಣೆಯ ವಾಸನೆಯ ಹುಲ್ಲು ಅದು. ಬೆಂಕಿ ಹತ್ತಿದರೆ ನಿಲ್ಲುವುದಿಲ್ಲ. ಕಾದ ಸೈಲೆನ್ಸರ್‌ಗೆ ಒಣಹುಲ್ಲು ಸಿಕ್ಕಿಕೊಂಡರೆ ಸಾಕು. ಬೇಸಿಗೆಯಲ್ಲೇ ಟಿಟ್ಟಿಭಗಳು ಬರಿ ನೆಲದಲ್ಲಿ, ಹರಳುಕಲ್ಲಿನ ನಡುವೆ ಮೊಟ್ಟೆ ಇಡುತ್ತವೆ. ಮೊಟ್ಟೆಯೂ ಹರಳಿನ ಹಾಗೇ ಇರುತ್ತದೆ. ನಡೆದು ಹೋಗುವವನಿಗೇ ಕಾಣುವುದು ಕಷ್ಟ, ಹೆಲ್ಮೆಟ್ ಹಾಕಿಕೊಂಡವನಿಗೆ ಹೇಗೆ ಕಾಣಬೇಕು? ಚಳಿಗಾಲವಾದರೆ ತೋಳಗಳು ಗುಂಡಿಯಲ್ಲಿ ಮರಿ ಹಾಕಿರುವ ಹೊತ್ತು. ಗದ್ದಲವಾದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಒಟ್ಟಿನಲ್ಲಿ ದಾರಿ ಬಿಡಲು ಅಲ್ಲಿ ಒಳ್ಳೆಯ ತಿಂಗಳು ಅಂತ ಯಾವುದೂ ಇಲ್ಲ.

ಈಗ ಗಾಳಿಯಂತ್ರಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ತೂಕ ಇರುವ ಮಾತು ಅದು. ಗುಡ್ಡದ ನೆತ್ತಿಯುದ್ದಕ್ಕೂ ಯಂತ್ರ ನಿಲ್ಲಿಸಲು ಲಾರಿ ತಿರುಗುವಷ್ಟು ಅಗಲದ ದಾರಿಗಳನ್ನು ಕಡಿದರು. ವನ್ಯಜೀವಿಧಾಮ ಆಗುವ ಮೊದಲೇ ಆದ ಕೆಲಸ ಅದು. ಅಡವಿಗೆ ಅದರಿಂದ ಆದ ಗಾಯ ನಾಲ್ಕು ಬೈಕಿನದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಿದರೆ ನಾನು ಸುಳ್ಳ ಆಗುತ್ತೇನೆ. ಆದರೆ ಆ ದಾರಿ ಆಗಿಹೋಗಿದೆ. ಅದಕ್ಕೆ ತಿರುವು ಇದೆ, ಪಕ್ಕದಲ್ಲಿ ನೀರು ಹರಿಯಲು ಜಾಗ ಇದೆ. ನಿಮ್ಮ ವಾದ ಅದೇ ದಾರಿಯ ಮೇಲೆ ಹೋಗಲು ಬಿಡಿ ಅಂತಾದರೆ ಇಲಾಖೆಯ ಮುಂದೆ ಇಡಬಹುದಾದ ವಾದವೇ. ಅವರು ಕೆಡಿಸಿದ್ದಾರೆ, ಹಾಗಾಗಿ ಉಳಿದದ್ದರಲ್ಲಿ ನಮಗೂ ಪಾಲು ಕೊಡಿ ಅಂತಾದರೆ ನನಗೆ ಒಪ್ಪಿಗೆ ಇಲ್ಲ. ಕುರಿಯ ಮಾತೂ ಅಷ್ಟೇ. ಜಾಸ್ತಿ ಮೇಯಿಸಿದರೆ ಅಡವಿಗೆ ಹಾನಿ ಇದೆ, ಅದನ್ನು ಹತೋಟಿಯಲ್ಲಿಡಲು ಕಾಯ್ದೆಯಲ್ಲಿ ಅವಕಾಶವೂ ಇದೆ. ಆದರೆ ಕುರಿ ಕಾಯುವವನದು ಹೊಟ್ಟೆಪಾಡು. ನಿಮ್ಮದು, ನನ್ನದು, ಭಾನುವಾರ.

"ಸರ್ಕಾರಿ ಅಡವಿ ಎಲ್ಲರದ್ದು" ಅನ್ನುವ ಮಾತನ್ನು ಅಮೆರಿಕದವರು ನಮಗಿಂತ ಮೊದಲೇ ಆಡಿ, ಪೆಟ್ಟು ತಿಂದಿದ್ದಾರೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಆಫ್‌ರೋಡ್ ಗಾಡಿಗಳ ಹಾವಳಿ ಹೆಚ್ಚಿ, 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಎಲ್ಲಿ ಓಡಿಸಬಹುದು, ಎಲ್ಲಿ ಬಾರದು ಅಂತ ಗುರುತು ಮಾಡಿ ಅನ್ನುವುದು ಅದರ ತಿರುಳು. ನಮ್ಮ ವನ್ಯಜೀವಿ ಕಾಯ್ದೆ ಬಂದ ವರ್ಷವೂ ಅದೇ! ಆಮೇಲೆ 2005ರಲ್ಲಿ ಅಲ್ಲಿನ ಅರಣ್ಯ ಸೇವೆ ನಿಯಮ ಬಿಗಿ ಮಾಡಿತು. ಒಂದೊಂದು ರಾಷ್ಟ್ರೀಯ ಅರಣ್ಯಕ್ಕೂ ನಕ್ಷೆ ಮಾಡಬೇಕು, ಯಾವ ದಾರಿಯಲ್ಲಿ ಯಾವ ಗಾಡಿ, ಯಾವ ಕಾಲದಲ್ಲಿ ಅಂತ ಬರೆಯಬೇಕು. ನಕ್ಷೆಯಲ್ಲಿ ಇಲ್ಲದ ದಾರಿ ಮುಚ್ಚಿದ ದಾರಿ. ಮೊದಲು ಎಷ್ಟೋ ಕಡೆ ಬೇಡ ಅಂದ ಜಾಗ ಬಿಟ್ಟು ಉಳಿದದ್ದೆಲ್ಲ ಓಡಿಸುವವರದ್ದಾಗಿತ್ತು. ಈಗ ಬಾ ಅಂದಲ್ಲಿ ಮಾತ್ರ ಹೋಗಬೇಕು. ಜಗಳ ನಿಂತಿಲ್ಲ, ಕೋರ್ಟಿಗೂ ಹೋಗುತ್ತಾರೆ. ಆದರೆ ಜಗಳ ಯಾವ ದಾರಿಯ ಬಗ್ಗೆ ಅನ್ನುವುದಾದರೂ ಕಾಗದದ ಮೇಲೆ ಇರುತ್ತದೆ.

ನಮಗೆ ಬೇಕಾಗಿರುವುದೂ ಅಂಥದ್ದೇ ಒಂದು ನಕ್ಷೆ ಅಂತ ನನಗನಿಸುತ್ತದೆ. ಕಪ್ಪತ ಮಲ್ಲಯ್ಯನ ಗುಡಿಗೆ ಹೋಗುವ ಭಕ್ತರು ಎಲ್ಲಿಯವರೆಗೆ ಗಾಡಿ ತರಬಹುದು, ಗಾಳಿಯಂತ್ರದ ಯಾವ ದಾರಿ ಯಾರಿಗೆ, ಬೆಂಕಿಯ ಕಾಲದಲ್ಲಿ ಯಾವುದು ಬಂದ್, ಇಷ್ಟನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗುಡ್ಡದ ಬುಡದಲ್ಲಿ ನಿಲ್ಲಿಸಿದರೆ ಅರ್ಧ ತಕರಾರು ಕಡಿಮೆಯಾಗುತ್ತದೆ. ಈ ಗುಡ್ಡದ ಬಗ್ಗೆ ಸರ್ಕಾರವೇ ಮನಸ್ಸು ಬದಲಿಸಿದ್ದು ಎಷ್ಟು ಸಲ ನೋಡಿ. 2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿತು, 2016ರಲ್ಲಿ ವಾಪಸ್ ಪಡೆಯಿತು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಿಸಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳಂಥವರು ಮುಂದೆ ನಿಂತು ಗಣಿಗಾರಿಕೆಯಿಂದ ಉಳಿಸಿಕೊಂಡ ಗುಡ್ಡ ಇದು. ಗಣಿಯವರಿಗೆ ಬೇಡ ಅಂದವರು ಬೈಕಿನವರಿಗೆ ಹೂಂ ಅನ್ನುವುದು ಕಷ್ಟ.

ಗಾಡಿ ಇಳಿಸಲೇಬೇಕು ಅನಿಸಿದರೆ ಖಾಸಗಿ ಜಾಗ ಹುಡುಕಿ. ಪಾಳು ಬಿದ್ದ ಹೊಲ ಇದ್ದವರು ಸಿಗುತ್ತಾರೆ, ಒಪ್ಪಿಗೆ ಕೇಳಿ, ಬಾಡಿಗೆ ಕೊಡಿ. ಹಳ್ಳದ ದಂಡೆ ಮಾತ್ರ ಬೇಡ. ಕಪ್ಪತಗುಡ್ಡವನ್ನೇ ನೋಡಬೇಕು ಅಂದರೆ ಹುಬ್ಬಳ್ಳಿ ಬಿಡುವ ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೊರಡಿ. ಗೇಟಿನಲ್ಲಿ ವಾದ ಮಾಡಿ ವಾಪಸಾಗುವುದಕ್ಕಿಂತ ಅದು ಮೇಲು. ಒಪ್ಪಿಗೆ ಸಿಗದಿದ್ದರೂ ಆ ದಿನ ಸುಮ್ನೆ ಹೋಗುವುದಿಲ್ಲ. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿ ಇದೆ, ನಕ್ಷತ್ರದ ಆಕಾರದ್ದು, ನಿಧಾನ ನೋಡುವಂಥದ್ದು. ಚಳಿಗಾಲವಾದರೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ. ಬೈಕ್ ದೂರ ನಿಲ್ಲಿಸಿ, ನಡೆದು ಹೋಗಿ. ಕೆರೆ ಏರಿಯ ಮೇಲೆ ಹತ್ತಿಸಬೇಡಿ ಮತ್ತೆ.