ಉರ್ದು ಸುದ್ದಿ ಫೀಡ್‌ನಲ್ಲಿ ಉಲ್ಟಾ ಆಗುವುದೇಕೆ?

“ಸರ್, ವೆಬ್‌ಸೈಟ್‌ನಾಗ ಛಲೋ ಕಾಣ್ತದ, ಆ್ಯಪ್‌ನಾಗಷ್ಟೇ ಉಲ್ಟಾ ಆಗ್ಯದ.” ಕನ್ನಡ, ಉರ್ದು ಎರಡರಲ್ಲೂ ಸುದ್ದಿ ಹಾಕುವ ಕಲಬುರಗಿಯ ಪೋರ್ಟಲ್‌ನವರಿಂದ ಈ ಫೋನ್ ಬರುತ್ತಲೇ ಇರುತ್ತದೆ.

ವೆಬ್‌ಸೈಟ್‌ನಲ್ಲಿ ಉರ್ದು ಬಲದಿಂದ ಎಡಕ್ಕೆ ಸಾಗುವುದು ಪುಟದ ಅಚ್ಚಾದ ಟೆಂಪ್ಲೇಟ್‌ನಲ್ಲಿ ಹಾಗೆಂದು ಬರೆದಿರುವುದರಿಂದ. ಆ್ಯಪ್‌ಗಳಿಗೆ ಸುದ್ದಿ ಮುಟ್ಟಿಸುವ ಫೀಡ್ ಹೊರಟಾಗ ಟೆಂಪ್ಲೇಟ್ ಮನೆಯಲ್ಲೇ ಉಳಿಯುತ್ತದೆ. ಹೋಗುವುದು ಶೀರ್ಷಿಕೆ, ಸಾರಾಂಶ, ಲಿಂಕ್ ಅಷ್ಟೇ. ಫೀಡ್ ಬರೆಯುವ ಒಂದು ನಮೂನೆಯಾದ ಆರ್‌ಎಸ್‌ಎಸ್ 2.0ದಲ್ಲಿ ಭಾಷೆ ಹೇಳಲು ಜಾಗವಿದೆ, ದಿಕ್ಕು ಹೇಳಲು ಇಲ್ಲ. ಇನ್ನೊಂದು ನಮೂನೆ, 2005ರ ಆಟಮ್‌ನದೂ ಅದೇ ಕಥೆ. “ಭಾಷಾ ಉರ್ದು ಅಂತ ಹಾಕೀವಲ್ರೀ?” ಹಾಕಿದ್ದೀರಿ, ಸರಿ. ಆದರೆ ನಮ್ಮ ಹುಡುಗರು ವಾಟ್ಸ್‌ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುವುದೂ ಉರ್ದುವೇ. ಅದು ಎಡದಿಂದಲೇ ಸಾಗುತ್ತದೆ. ದಿಕ್ಕು ಲಿಪಿಯದು.

ಏನೂ ಹೇಳದಿದ್ದರೆ ಆ್ಯಪ್ ಎಡದಿಂದ ಶುರುಮಾಡುತ್ತದೆ, ಇಲ್ಲವೇ ಮೊದಲ ಅಕ್ಷರ ನೋಡಿ ಊಹಿಸುತ್ತದೆ. ಊಹೆ ಬಹಳ ಸಲ ಸರಿಹೋಗುತ್ತದೆ. ನಮ್ಮ ಭಾಗದಲ್ಲಿ ಅದು ಕೈಕೊಡುವುದು ಸಂವಿಧಾನದ 371(ಜೆ) ವಿಧಿಯ ಸುದ್ದಿಗೆ. ಉರ್ದು ಶೀರ್ಷಿಕೆಯ ಮೊದಲಿಗೇ ಅದನ್ನು ಇಂಗ್ಲಿಷ್‌ನಲ್ಲಿ ಹೊಡೆದಿರುತ್ತಾರೆ. ಅಂಕಿ, ಕಂಸಗಳನ್ನು ಆ್ಯಪ್ ಲೆಕ್ಕಕ್ಕೆ ಹಿಡಿಯದೆ ದಾಟಿ, ‘ಜೆ’ ಸಿಕ್ಕಿದ್ದೇ ಇಡೀ ಸಾಲು ಎಡದಿಂದ ಎಂದು ತೀರ್ಮಾನಿಸುತ್ತದೆ. 371(ಜೆ) ಎಡತುದಿಗೆ ಹೋಗುತ್ತದೆ, ಕೊನೆಯ ಆಶ್ಚರ್ಯಸೂಚಕ ಬಲತುದಿಗೆ ಬರುತ್ತದೆ. ಉರ್ದು ಓದುಗನಿಗೆ ಮೊದಲು ಸಿಗುವುದೇ ಆಶ್ಚರ್ಯ! ಉರ್ದುವಿನದೇ ಪೂರ್ಣವಿರಾಮ, ಪ್ರಶ್ನಾರ್ಥಕಗಳಾದರೆ ಪದ ಬಿಟ್ಟು ಕದಲುವುದಿಲ್ಲ, ಅವಕ್ಕೆ ತಮ್ಮದೇ ದಿಕ್ಕಿದೆ.

ಒಂದು ಕಚೇರಿಯಲ್ಲಿ ಇದಕ್ಕೆ ಸಾಲನ್ನು ಬಲಕ್ಕೆ ಅಲೈನ್ ಮಾಡಿ ಕೈತೊಳೆದುಕೊಂಡಿದ್ದರು. ಅಲ್ಲಿ ಪ್ರೂಫ್ ನೋಡುವವರು ಹಿಂದೆ ಕಾತಿಬ್, ಅಂದರೆ ಉರ್ದು ಕೈಬರಹದ ಲಿಪಿಕಾರ, ಆಗಿದ್ದ ಹಿರಿಯರು. ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ಆ ಆಶ್ಚರ್ಯಸೂಚಕಕ್ಕೆ ಸುತ್ತು ಹಾಕಿ ಹುಡುಗನ ಮುಂದಿಟ್ಟರು: “ಜಾಗಾ ಬದಲಿ ಮಾಡೀದಿ ಬೇಟಾ, ಸಾಲು ಇನ್ನಾ ಎಡದಿಂದನೇ ಹೊಂಟದ.” ನಾನು ಅರ್ಧ ಗಂಟೆ ಕೊರೆದರೂ ಹುಡುಗನಿಗೆ ಹತ್ತದ್ದು ಆಗ ಹತ್ತಿತು. ಮರುವಾರ ಅವನೇ ಇಡೀ ಫೀಡ್ ಬಲದಿಂದ ಎಂದು ಮಾಡಿಸಿ, ಕನ್ನಡ ಸುದ್ದಿಗಳ ಪೂರ್ಣವಿರಾಮವೆಲ್ಲ ಎಡತುದಿಗೆ ಹೋಗಿ ಕೂತವು, ಅದು ಬೇರೆ ಮಾತು.

ಹಾಗಾಗಿ ದಿಕ್ಕನ್ನು ಒಂದೊಂದು ಸುದ್ದಿಗೂ ಕಟ್ಟಿ ಕಳಿಸಬೇಕು. ಸಾರಾಂಶ ಎಚ್‌ಟಿಎಂಎಲ್ ಆಗಿದ್ದರೆ ಅದನ್ನು ಆರ್‌ಟಿಎಲ್ (ಬಲದಿಂದ ಎಡಕ್ಕೆ) ಎಂದು ಬರೆದ ಡಿವ್ ಎಂಬ ಟ್ಯಾಗ್‌ನೊಳಗೆ ಇಡಿ. ಕೆಲವು ಆ್ಯಪ್‌ಗಳು ಭದ್ರತೆಗಾಗಿ ಅದನ್ನು ಕಿತ್ತುಹಾಕುವುದುಂಟು, ಎರಡು-ಮೂರರಲ್ಲಿ ತೆರೆದು ನೋಡಿ. ಬರೀ ಪಠ್ಯವಾದ ಶೀರ್ಷಿಕೆಗೆ ಆ ದಾರಿಯಿಲ್ಲ. ಅದರ ಮುಂದೆ ಯೂನಿಕೋಡ್‌ನ ಯು+2067 (ಇಲ್ಲಿಂದ ಬಲದಿಂದ ಎಡಕ್ಕೆ), ಕೊನೆಗೆ ಯು+2069 (ಇಲ್ಲಿಗೆ ಮುಗಿಯಿತು) ಹಾಕಿ. 2013ರಲ್ಲಿ ಸೇರಿದ, ಕಣ್ಣಿಗೆ ಕಾಣದ ಗುರುತುಗಳಿವು. ತೀರಾ ಹಳೆಯ ಆ್ಯಪ್‌ನಲ್ಲಿ ಚೌಕದಂತೆ ಕಾಣಿಸಲೂಬಹುದು. ಸಾಲು ಎಡಕ್ಕೇ ಅಂಟಿಕೊಂಡರೂ ಒಳಗಿನ ಕ್ರಮ ಕೆಡುವುದಿಲ್ಲ. ಆಪರೇಟರ್ ಕೈಯಲ್ಲಿ ಮಾತ್ರ ಇವನ್ನು ಹಾಕಿಸಬೇಡಿ: ಶೀರ್ಷಿಕೆ ಕಾಪಿಯಾದಲ್ಲೆಲ್ಲ ಬೆನ್ನಟ್ಟಿ ಹೋಗುತ್ತವೆ, ಆಮೇಲೆ ಹುಡುಕಿದರೆ ಅದೇ ಶೀರ್ಷಿಕೆ ಸಿಗದೆ ಹೋಗಬಹುದು. ಫೀಡ್ ತಯಾರಿಸುವ ಕೋಡೇ ಹಾಕಲಿ.