ಚೆಕ್ ಇಂಜಿನ್ ಲೈಟ್ ನೋಟ್ಸ್: ಕ್ಲಿಯರ್ ಒತ್ತೋಕೆ ಮುಂಚೆ ಫ್ರೀಜ್ ಫ್ರೇಮ್ ಬರ್ಕೊಳಿ

ಮನೇಲೇ ಕಾರಿನ ಫಾಲ್ಟ್ ಕೋಡ್ ಓದೋದು ಕಲೀತಾ ಇರೋರಿಗೆ ಈ ನೋಟ್ಸ್. ತಲೇಲಿ ಇನ್ನೂ ಬಿಸಿಬಿಸಿ ಇರೋವಾಗ್ಲೇ ಬರೆದಿಡ್ತಿದೀನಿ. ಪೆಟ್ರೋಲ್ ಕಾರು ಅಂತ ಇಟ್ಕೊಂಡು ಬರೆದಿದೀನಿ, ಡೀಸೆಲ್‌ನಲ್ಲಿ ಲೆಕ್ಕಾಚಾರ ಬೇರೆ.

ಬೇಕಾಗೋದು ಈಎಲ್ಎಂ 327 ಬ್ಲೂಟೂತ್ ಅಡಾಪ್ಟರ್ (ಕಾರಿನ ಸಾಕೆಟ್‌ಗೆ ಚುಚ್ಚಿದ್ರೆ ಕೋಡನ್ನ ಫೋನಿಗೆ ಕಳಿಸೋ ಸಣ್ಣ ಡಬ್ಬಿ), ಫೋನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಥರದ ಒಂದು ಆ್ಯಪ್, ಅಷ್ಟೇ. ಐಫೋನ್ ಇರೋರು ಅಡಾಪ್ಟರ್ ತಗೊಳೋವಾಗ ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇದೆಯಾ ನೋಡ್ಕೊಳಿ, ಹಳೇ ಬ್ಲೂಟೂತ್‌ದು ಕನೆಕ್ಟ್ ಆಗಲ್ಲ. ಸಾಕೆಟ್ 16 ಪಿನ್‌ದು, ಸ್ಟೀರಿಂಗ್ ಕೆಳಗೆ ಮೊಣಕಾಲು ಹತ್ರ ಸಿಗತ್ತೆ. ನಮ್ ದೇಶದಲ್ಲಿ 2013ರ ಏಪ್ರಿಲ್‌ನಿಂದ ಓಬಿಡಿ 2 (ಕಾರು ತನ್ನ ತೊಂದರೆ ತಾನೇ ಪತ್ತೆಹಚ್ಚಿ ಕೋಡ್ ಕೊಡೋ ವ್ಯವಸ್ಥೆ) ಕಡ್ಡಾಯ, ಹಾಗಾಗಿ ಅದಾದ್ಮೇಲೆ ತಯಾರಾದ ಕಾರಲ್ಲಿ ಚಿಂತೆ ಇಲ್ಲ. ಕೆಲಸ ಮುಗಿದ್ಮೇಲೆ ಅಡಾಪ್ಟರ್ ಕಿತ್ತಿಡಿ, ಯಾಕಂದ್ರೆ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರತ್ತೆ, ಕೀ ತೆಗೆದ್ರೂ ಅಡಾಪ್ಟರ್ ಆನ್ ಆಗೇ ಇರತ್ತೆ, ಕಾರು ವಾರಗಟ್ಟಲೆ ನಿಂತ್ರೆ ಬ್ಯಾಟರಿ ಇಳಿದುಹೋಗತ್ತೆ.

ಕೋಡ್ ಓದೋದು

ಪಿ ಅಂದ್ರೆ ಇಂಜಿನ್-ಗೇರ್‌ಬಾಕ್ಸ್, ಬಿ ಬಾಡಿ, ಸಿ ಚಾಸಿ, ಯು ಅಂದ್ರೆ ಕಂಪ್ಯೂಟರ್‌ಗಳ ಮಧ್ಯದ ಮಾತುಕತೆ. ಮುಂದಿನ ಅಂಕಿ 0 ಇದ್ರೆ ಎಲ್ಲಾ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆ ಕಂಪನಿದೇ ಸ್ವಂತ ಕೋಡ್, ಅದನ್ನ ಆ ಕಾರಿನ ಮಾಡೆಲ್ ಹಾಕೇ ಹುಡುಕಬೇಕು. ಪಿ ಕೋಡಲ್ಲಿ ಅದರ ಮುಂದಿನದು 1 ಅಥವಾ 2 ಇದ್ರೆ ಗಾಳಿ-ಇಂಧನ, 3 ಇದ್ರೆ ಇಗ್ನಿಷನ್-ಮಿಸ್‌ಫೈರ್ (ಸಿಲಿಂಡರ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದೇ ಇರೋದು), 4 ಇದ್ರೆ ಹೊಗೆ ನಿಯಂತ್ರಣ. ಮಿಸ್‌ಫೈರ್ ಕೋಡಲ್ಲಿ ಕೊನೇ ಅಂಕಿ ಸಿಲಿಂಡರ್ ನಂಬರ್. ಇಷ್ಟು ಗೊತ್ತಿದ್ರೆ ಪಿ0303 ಅಂದ ತಕ್ಷಣ ಮೂರನೇ ಸಿಲಿಂಡರ್ ಮಿಸ್‌ಫೈರ್ ಅಂತ ಬಾಯಿಗೇ ಬರತ್ತೆ.

ಒಂದು ಮಾತು ಗಟ್ಟಿಯಾಗಿ ತಲೇಲಿಟ್ಕೊಳಿ, ಕೋಡ್ ಯಾವ ಪಾರ್ಟ್ ಹೋಗಿದೆ ಅಂತ ಹೇಳಲ್ಲ, ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ಏನು ಸರಿ ಕಾಣ್ಲಿಲ್ಲ ಅಂತ ಮಾತ್ರ ಹೇಳತ್ತೆ. ಪಿ0171 ಬಂತು, ಅಂದ್ರೆ ಮಿಶ್ರಣ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ. ಇದನ್ನ ಕಂಡುಹಿಡಿದಿದ್ದು ಆಕ್ಸಿಜನ್ ಸೆನ್ಸರ್, ಆದ್ರೆ ಜನ ಅದೇ ಸೆನ್ಸರ್ ಬದಲಾಯಿಸಿ ಸಾವಿರಾರು ರೂಪಾಯಿ ಸುರೀತಾರೆ, ಸುದ್ದಿ ತಂದೋನನ್ನೇ ಹಿಡಿದು ಹೊಡೆದಂಗೆ.

ಫ್ರೀಜ್ ಫ್ರೇಮ್: ನನಗೆ ತುಂಬಾ ಹೊತ್ತು ಹಿಡಿದ ಜಾಗ

ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ ಏನ್ ಮಾಡ್ತಿತ್ತು ಅನ್ನೋದನ್ನ ಇಸಿಯು ಫೋಟೋ ಹೊಡೆದಿಟ್ಕೊಳತ್ತೆ. ಆರ್‌ಪಿಎಂ, ಸ್ಪೀಡ್, ಕೂಲಂಟ್ ಬಿಸಿ, ಲೋಡ್, ಶಾರ್ಟ್ ಟರ್ಮ್ ಮತ್ತೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಕ್ಲಿಯರ್ ಒತ್ತಿದ್ರೆ ಕೋಡ್ ಜೊತೆ ಇದೂ ಹೋಗತ್ತೆ, ವಾಪಸ್ ಬರಲ್ಲ. ಅದಕ್ಕೇ ಮೊದ್ಲು ಸ್ಕ್ರೀನ್‌ಶಾಟ್ ತೆಗೀರಿ.

ಟ್ರಿಮ್ ಅಂದ್ರೆ ತನ್ನ ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಕೊಡ್ತಿದೀನಿ ಅನ್ನೋದು. ಶಾರ್ಟ್ ಟರ್ಮ್ ಅಂದ್ರೆ ಈ ಕ್ಷಣದ್ದು, ಲಾಂಗ್ ಟರ್ಮ್ ಅಂದ್ರೆ ಓಡ್ತಾ ಓಡ್ತಾ ಕಲಿತಿದ್ದು, ಎರಡೂ ಟ್ರಿಮ್ ಕೂಡಿಸಿ ನೋಡಬೇಕು. ಸೊನ್ನೆ ಆಸುಪಾಸಿದ್ರೆ ಆರೋಗ್ಯ, ಪ್ಲಸ್ 10 ದಾಟಿದ್ರೆ ಯೋಚಿಸಿ. ಇಲ್ಲಿವರೆಗೂ ಸರಿ. ಆದ್ರೆ ಫ್ರೀಜ್ ಫ್ರೇಮಲ್ಲಿ ಆರ್‌ಪಿಎಂ 790, ಸ್ಪೀಡ್ 0, ಕೂಲಂಟ್ 91 ಡಿಗ್ರಿ, ಟ್ರಿಮ್ ಒಟ್ಟು ಪ್ಲಸ್ 33 ಅಂತಿದೆ ಅನ್ಕೊಳಿ, ಅಂದ್ರೆ ಬಿಸಿಯಾದ ಇಂಜಿನ್ ಸಿಗ್ನಲ್‌ನಲ್ಲೋ ಮನೆ ಮುಂದೆನೋ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ತಿರುಗ್ತಾ) ನಿಂತಿತ್ತು. ಈಗ ಲೈವ್ ಡೇಟಾ ಹಾಕಿ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಸ್ವಲ್ಪ ಹೊತ್ತು ಹಿಡಿದ್ರೆ ಅದೇ ಟ್ರಿಮ್ ಪ್ಲಸ್ 8ಕ್ಕೆ ಇಳೀತು. ಇಂಜಿನ್ ಜೋರಾಗಿ ತಿರುಗಿದ್ರೆ ತೊಂದರೆ ಹೆಚ್ಚಾಗಬೇಕಲ್ವಾ, ಕಮ್ಮಿ ಯಾಕಾಯ್ತು? ಇಲ್ಲೇ ನಾನು ಸಿಕ್ಕಾಕೊಂಡಿದ್ದು.

ಉತ್ತರ ಲೆಕ್ಕದಲ್ಲಿದೆ. ಮ್ಯಾಫ್ ಸೆನ್ಸರ್ (ಇಂಜಿನ್‌ಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಅಳೆಯೋದು) ಇರೋ ಕಾರು, ಸೆನ್ಸರ್ ದಾಟಿದ್ಮೇಲೆ ಇನ್‌ಟೇಕ್ ಪೈಪಲ್ಲೋ ವ್ಯಾಕ್ಯೂಮ್ ಹೋಸಲ್ಲೋ ಒಂದು ಸೀಳು ಇದೆ ಅನ್ಕೊಳಿ. ಆ ಸೀಳಿಂದ ಸೆಕೆಂಡಿಗೆ 1 ಗ್ರಾಂ ಗಾಳಿ ಕಳ್ಳದಾರೀಲಿ ಒಳಗೆ ಬರತ್ತೆ, ಅದು ಸೆನ್ಸರ್ ಲೆಕ್ಕಕ್ಕೆ ಸಿಗಲ್ಲ. ಐಡಲ್‌ನಲ್ಲಿ ಸೆನ್ಸರ್ ಅಳೆದಿದ್ದು 3 ಗ್ರಾಂ, ನಿಜವಾಗಿ ಹೋಗಿದ್ದು 4. ಅಂದ್ರೆ ಪೆಟ್ರೋಲ್ ಮೂರರಲ್ಲಿ ಒಂದು ಪಾಲು, ಸುಮಾರು 33 ಪರ್ಸೆಂಟ್ ಹೆಚ್ಚು ಬೇಕು. 2500ರಲ್ಲಿ ಅಳೆದಿದ್ದು 12 ಗ್ರಾಂ, ಹೋಗಿದ್ದು 13, ಹನ್ನೆರಡರಲ್ಲಿ ಒಂದು ಪಾಲು, 8 ಪರ್ಸೆಂಟ್. ಸೀಳು ಅದೇ, ಕಳ್ಳಗಾಳಿನೂ ಹೆಚ್ಚುಕಮ್ಮಿ ಅಷ್ಟೇ, ಒಟ್ಟು ಗಾಳಿ ಜಾಸ್ತಿ ಆಗಿದ್ದಕ್ಕೆ ಅದರ ಪಾಲು ಸಣ್ಣದಾಯ್ತು. ಹಾಗಾಗಿ ಐಡಲ್‌ನಲ್ಲಿ ಟ್ರಿಮ್ ಜಾಸ್ತಿ ಇದ್ದು ಆರ್‌ಪಿಎಂ ಏರಿಸಿದಾಗ ಇಳಿದ್ರೆ ಗಾಳಿ ಲೀಕ್ ಹುಡುಕಿ.

ತಿರುಗಾಮುರುಗಾ ಇದ್ರೆ, ಅಂದ್ರೆ ಐಡಲ್‌ನಲ್ಲಿ ಸರಿಯಿದ್ದು ಘಾಟ್ ಹತ್ತೋವಾಗ ಅಥವಾ ಓವರ್‌ಟೇಕ್ ಮಾಡೋವಾಗ ಟ್ರಿಮ್ ಏರ್ತಾ ಹೋದ್ರೆ, ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ. ಫ್ಯೂಯಲ್ ಫಿಲ್ಟರ್ ಕಟ್ಕೊಂಡಿರಬಹುದು, ಪಂಪ್ ಸೋತಿರಬಹುದು, ಅಥವಾ ಮ್ಯಾಫ್‌ಗೆ ಧೂಳು ಕೂತು ಗಾಳಿನ ಕಮ್ಮಿ ಅಳೀತಿರಬಹುದು.

ನಮ್ಮಲ್ಲಿ ಸುಮಾರು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಮ್ಯಾಫ್ ಇರಲ್ಲ, ಮ್ಯಾಪ್ ಸೆನ್ಸರ್ ಇರತ್ತೆ. ಅದು ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿ ಲೆಕ್ಕ ಹಾಕೋದು, ಹಾಗಾಗಿ ಕಳ್ಳಗಾಳಿನೂ ಲೆಕ್ಕಕ್ಕೆ ಬಂದುಬಿಡತ್ತೆ, ಲೀಕ್ ಇದ್ರೆ ಟ್ರಿಮ್‌ಗಿಂತ ಹೆಚ್ಚಾಗಿ ಐಡಲ್ ಆರ್‌ಪಿಎಂ ಏರಿರೋದು ಕಾಣತ್ತೆ. ಮೇಲಿನ ಲೆಕ್ಕ ಹಾಕೋ ಮುಂಚೆ ನಿಮ್ ಕಾರಲ್ಲಿ ಯಾವ ಸೆನ್ಸರ್ ಇದೆ ಅಂತ ನೋಡ್ಕೊಳಿ. ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿರೋರು ಪೆಟ್ರೋಲಲ್ಲಿ ಒಂದ್ಸಲ, ಗ್ಯಾಸಲ್ಲಿ ಒಂದ್ಸಲ ಟ್ರಿಮ್ ನೋಡಿ, ಗ್ಯಾಸಲ್ಲಿ ಮಾತ್ರ ಕೆಟ್ಟಿದ್ರೆ ಮೊದ್ಲು ಕಿಟ್ ಟ್ಯೂನಿಂಗ್ ಕಡೆ ನೋಡಿ.

ಮಿಸ್‌ಫೈರ್‌ಗೆ ಅದಲು ಬದಲು

ನನಗೆ ತುಂಬಾ ಇಷ್ಟದ ಪರೀಕ್ಷೆ ಇದು, ಒಂದು ರೂಪಾಯಿ ಖರ್ಚಿಲ್ಲ. ಸ್ಪಾರ್ಕ್ ಪ್ಲಗ್ ಮೇಲೇ ಕೂರೋ ಕಾಯಿಲ್ (ಪ್ಲಗ್‌ಗೆ ಕಿಡಿ ಹಾರಿಸೋ ಕರೆಂಟ್ ಕೊಡೋದು) ಇರೋ ಕಾರಲ್ಲಿ ಪಿ0303 ಬಂದಿದ್ರೆ, ಇಂಜಿನ್ ತಣ್ಣಗಾದ್ಮೇಲೆ 3ನೇ ಕಾಯಿಲ್ ತೆಗೆದು 2ಕ್ಕೆ, 2ರದ್ದು 3ಕ್ಕೆ ಹಾಕಿ. ಕನೆಕ್ಟರ್ ಲಾಕ್ ಬಿಸಿಗೆ ಒಣಗಿ ಪಟಕ್ ಅಂತ ಮುರಿಯತ್ತೆ, ವೈರ್ ಹಿಡಿದು ಎಳೀಬೇಡಿ, ಲಾಕ್ ಒತ್ತಿ ಮೊದ್ಲು ಸ್ವಲ್ಪ ಮುಂದಕ್ಕೆ ತಳ್ಳಿ, ಆಮೇಲೆ ಹಿಂದಕ್ಕೆ ಎಳೀರಿ. ಪ್ಲಗ್ ಬಾವಿಯೊಳಗೆ ಟಾರ್ಚ್ ಬಿಟ್ಟು ಆಯಿಲ್ ನಿಂತಿದೆಯಾ ನೋಡಿ. ಕೋಡ್ ಕ್ಲಿಯರ್ ಮಾಡಿ ಓಡಿಸಿ. ಪಿ0302 ಬಂದ್ರೆ ಕಾಯಿಲ್ ಹೋಗಿದೆ. ಪಿ0303 ಅಲ್ಲೇ ಕೂತಿದ್ರೆ ಪ್ಲಗ್ ಅದಲು ಬದಲು ಮಾಡಿ, ಅದೂ ಅಲ್ಲ ಅಂದ್ರೆ ಇಂಜೆಕ್ಟರ್, ಕಂಪ್ರೆಷನ್, ಅಲ್ಲಿಂದಾಚೆ ಮೆಕ್ಯಾನಿಕ್.

ಲೈಟ್ ಸುಮ್ನೆ ಉರಿಯೋದಲ್ಲದೆ ಮಿಣುಕ್ತಾ ಇದ್ರೆ ಈ ಓಡಿಸೋ ಪರೀಕ್ಷೆ ಬೇಡ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸತ್ತೆ.

ಕ್ಲಿಯರ್ ಮಾಡೋದು

ಕೀ ಆನ್, ಇಂಜಿನ್ ಆಫ್, ಕ್ಲಿಯರ್ ಒತ್ತಿ. ನಿಜ ಹೇಳ್ಬೇಕಂದ್ರೆ ರಿಪೇರಿ ಸರಿಯಾಗಿದ್ರೆ ಇದೂ ಬೇಕಿಲ್ಲ, ಸಾಮಾನ್ಯವಾಗಿ ಸತತ ಮೂರು ಡ್ರೈವ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡೋದು ಒಂದು ಸೈಕಲ್) ತೊಂದರೆ ಕಾಣ್ದೇ ಇದ್ರೆ ಲೈಟ್ ತಾನೇ ಆರತ್ತೆ. ಕ್ಲಿಯರ್ ಮಾಡಿದ್ರೆ ಕಲಿತ ಟ್ರಿಮ್ ಸೊನ್ನೆಗೆ ಬರತ್ತೆ, ಐಡಲ್ ಸ್ವಲ್ಪ ಏರುಪೇರಾಗಬಹುದು, ಗಾಬರಿ ಬೇಡ. ರೆಡಿನೆಸ್ ಮಾನಿಟರ್‌ಗಳೂ (ಹೊಗೆಗೆ ಸಂಬಂಧಿಸಿದ ಭಾಗಗಳನ್ನ ಇಸಿಯು ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅನ್ನೋ ಪಟ್ಟಿ) ಮೊದಲಿಂದ ಶುರು. ನಮ್ಮಲ್ಲಿ ಹೊಗೆ ತಪಾಸಣೆಯ ಪಿಯುಸಿಗೆ ಇದನ್ನ ನೋಡಲ್ಲ, ಆದ್ರೆ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮೋರು ಅಲ್ಲಿನ ಹೊಗೆ ತಪಾಸಣೆ, ಅಂದ್ರೆ ಸ್ಮಾಗ್ ಚೆಕ್ ಹಿಂದಿನ ದಿನ ಕ್ಲಿಯರ್ ಮಾಡಿ ಹೋದ್ರೆ ಪಾಸ್ ಆಗಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಅಳಿಸೋ ಹಳೇ ಪದ್ಧತಿನೂ ಬೇಡ, ಗಡಿಯಾರ, ಸ್ಟೀರಿಯೋ, ಆಟೋ ಕಿಟಕಿ ಎಲ್ಲಾ ಸೆಟ್ಟಿಂಗ್ ಹೋಗತ್ತೆ. ಏರ್‌ಬ್ಯಾಗ್ ಲೈಟ್ ಇದ್ರೆ ಮನೇಲಿ ಕೈ ಹಾಕಲೇಬೇಡಿ.

ಕ್ಲಿಯರ್ ಆದ್ಮೇಲೆ ಲೈಟ್ ಇಲ್ಲ ಅಂತ ಆ್ಯಪ್ ಮುಚ್ಚಬೇಡಿ, ಒಂದೆರಡು ದಿನ ಓಡಿಸಿ ಪೆಂಡಿಂಗ್ ಕೋಡ್ ನೋಡಿ. ಸುಮಾರು ಕೋಡ್‌ಗಳಿಗೆ ಎರಡು ಸಲ ಓಡಿಸಿದಾಗ್ಲೂ ತೊಂದರೆ ಕಂಡ್ರೆ ಮಾತ್ರ ಲೈಟ್ ಹತ್ತೋದು, ಮೊದಲ ಸಲಕ್ಕೇ ಅದು ಪೆಂಡಿಂಗ್ ಪಟ್ಟಿಗೆ ಬಂದು ಕೂತಿರತ್ತೆ.