ಮಾರ್ಕೆಟ್‌ನ ಎತ್ತೋರು ಯಾರು, ಎತ್ತಿ ಹಿಡಿಯೋರು ಯಾರು

ಬೆಳಗ್ಗೆಯಿಂದ ಬೀಳ್ತಾ ಇದ್ದ ಶೇರ್ ಮಾರ್ಕೆಟ್ ಕೊನೆ ಅರ್ಧ ಗಂಟೇಲಿ ದಿಢೀರ್ ಅಂತ ಮೇಲೆದ್ರೆ ಸಾಕು, ಸರ್ಕಾರದೋರೇ ದುಡ್ಡು ಸುರಿದು ಎತ್ತಿದ್ರು ಅನ್ನೋ ಮಾತು ಶುರು ಆಗುತ್ತೆ. ಬಿದ್ರೆ ದೊಡ್ಡ ಬ್ಯಾಂಕುಗಳು ಬೇಕಂತಲೇ ಬೀಳಿಸಿದ್ವು ಅಂತಾರೆ. ಇದನ್ನ ಬರೀ ಹುಚ್ಚು ಕಲ್ಪನೆ ಅಂತ ತಳ್ಳಿಹಾಕೋಕೆ ಆಗಲ್ಲ, ಯಾಕಂದ್ರೆ ಸಾಬೀತಾದ ಕೇಸುಗಳೇ ಬೇಕಾದಷ್ಟಿವೆ. ಆದ್ರೆ ಬೆಲೆನ ಒಂದ್ಸಲ ತಳ್ಳೋದು ಬೇರೆ, ತಳ್ಳಿದ ಜಾಗದಲ್ಲೇ ತಿಂಗಳುಗಟ್ಟಲೆ ಹಿಡಿದಿಡೋದು ಬೇರೆ, ಈ ವ್ಯತ್ಯಾಸ ಮರೆತ್ರೆ ಚರ್ಚೆ ಎಲ್ಲಿಗೂ ಮುಟ್ಟಲ್ಲ.

ಮೊದಲು ಬೆಲೆ ಹೇಗೆ ಅಲುಗುತ್ತೆ ನೋಡೋಣ. ಎಕ್ಸ್‌ಚೇಂಜಿನ ಆರ್ಡರ್ ಬುಕ್‌ನಲ್ಲಿ ಒಂದು ಕಡೆ ಕೊಳ್ಳೋರು, ಇನ್ನೊಂದು ಕಡೆ ಮಾರೋರು ತಂತಮ್ಮ ಬೆಲೆ ಹೇಳಿ ಸಾಲಾಗಿ ಕಾಯ್ತಿರ್ತಾರೆ. ಒಂದು ದೊಡ್ಡ ಖರೀದಿ ಆರ್ಡರ್ ಬಂತು ಅಂದ್ರೆ ಕಡಿಮೆ ಬೆಲೆಗೆ ಮಾರೋಕೆ ನಿಂತಿರೋರ ಶೇರೆಲ್ಲ ಖಾಲಿ ಆಗಿ ಅದು ಮೇಲಿನ ಬೆಲೆಗೆ ಹತ್ತುತ್ತೆ, ಅಷ್ಟೇ. ಬೇರೆ ಬೇರೆ ಮಾರ್ಕೆಟ್‌ಗಳ ಡೇಟಾ ಅಳೆದು ನೋಡಿದೋರಿಗೆ ಸಿಕ್ಕಿರೋ ಲೆಕ್ಕ ಏನಂದ್ರೆ ಬೆಲೆಯ ಏರಿಳಿತ ಆರ್ಡರ್ ಗಾತ್ರದ ವರ್ಗಮೂಲದ ಹಾಗೆ ಬೆಳೆಯುತ್ತೆ, ಅಂದ್ರೆ ನಾಲ್ಕು ಪಟ್ಟು ದುಡ್ಡು ಹಾಕಿದ್ರೆ ಬೆಲೆ ಹೆಚ್ಚೂಕಮ್ಮಿ ಎರಡು ಪಟ್ಟು ದೂರ ಹೋಗುತ್ತೆ. ಇದ್ರಿಂದ ಎರಡು ವಿಷಯ ಗೊತ್ತಾಗುತ್ತೆ: ಸ್ವಲ್ಪ ದುಡ್ಡಲ್ಲೂ ಸ್ವಲ್ಪ ಅಲುಗಿಸಬಹುದು, ಆದ್ರೆ ತುಂಬಾ ದೂರ ಒಯ್ಯಬೇಕು ಅಂದ್ರೆ ಖರ್ಚು ಭಯಂಕರ ಏರುತ್ತೆ. ಅದೂ ಅಲ್ದೆ ಕೊಳ್ಳೋದು ನಿಲ್ಲಿಸಿದ ತಕ್ಷಣ ಏರಿದ ಬೆಲೇಲಿ ಒಂದು ಪಾಲು ವಾಪಸ್ ಇಳಿಯುತ್ತೆ.

1929ರ ಅಕ್ಟೋಬರ್ 24ನೇ ತಾರೀಖು ನ್ಯೂಯಾರ್ಕ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೇ ಉದಾಹರಣೆ. ಮಾರ್ಕೆಟ್ ಕುಸೀತಾ ಇದ್ದಾಗ ದೊಡ್ಡ ದೊಡ್ಡ ಬ್ಯಾಂಕರ್‌ಗಳು ಮಾರ್ಗನ್ ಬ್ಯಾಂಕಿನಲ್ಲಿ ಸೇರಿ ದುಡ್ಡು ಒಟ್ಟುಹಾಕಿದ್ರು, ಆಮೇಲೆ ಅವರ ಪರವಾಗಿ ಎಕ್ಸ್‌ಚೇಂಜಿನ ಉಪಾಧ್ಯಕ್ಷ ರಿಚರ್ಡ್ ವಿಟ್ನಿ ಒಳಗೆ ನಡ್ಕೊಂಡು ಹೋಗಿ ಎಲ್ಲರಿಗೂ ಕೇಳೋ ಹಾಗೆ ಯುಎಸ್ ಸ್ಟೀಲ್ ಶೇರಿಗೆ 205 ಡಾಲರ್ ಬಿಡ್ ಕೂಗಿದ, ಆಗ ನಡೀತಿದ್ದ ಬೆಲೆಗಿಂತ ಜಾಸ್ತಿಗೆ. ಮಾರ್ಕೆಟ್ ಚೇತರಿಸಿಕೊಂಡ್ತು, ಜನ ನಿಟ್ಟುಸಿರು ಬಿಟ್ರು. ಆದ್ರೆ ಮುಂದಿನ ಸೋಮವಾರ ಅಮೆರಿಕದ ದೊಡ್ಡ ಕಂಪನಿಗಳ ಶೇರ್ ಬೆಲೆ ಅಳೆಯೋ ಡೌ ಸೂಚ್ಯಂಕ ಸುಮಾರು ಶೇ. 13 ಬಿತ್ತು, ಮಂಗಳವಾರ ಇನ್ನೂ ಶೇ. 12. ಆ ಕಾಲದ ಅತಿ ಶ್ರೀಮಂತ ಬ್ಯಾಂಕುಗಳು ಒಟ್ಟಾಗಿ ನಿಂತ್ರೂ ಹಿಡಿಯೋಕೆ ಆಗಿದ್ದು ಕೆಲವೇ ದಿನ.

ಹಾಗಾದ್ರೆ ಬ್ಯಾಂಕುಗಳು ಮೋಸ ಮಾಡಲ್ವಾ ಅಂದ್ರೆ ಖಂಡಿತ ಮಾಡಿವೆ, ಅದ್ರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಆದ್ರೆ ಸಿಕ್ಕಿಬಿದ್ದ ದೊಡ್ಡ ಕೇಸುಗಳಲ್ಲಿ ಬಹಳಷ್ಟು ಶೇರಿನದ್ದೇ ಅಲ್ಲ. ಬ್ಯಾಂಕುಗಳು ಒಂದಕ್ಕೊಂದು ಸಾಲ ಕೊಡೋ ಬಡ್ಡಿದರ ಲೈಬಾರ್, ಅದು ಬ್ಯಾಂಕುಗಳು ತಾವೇ ಹೇಳೋ ಅಂದಾಜಿನ ಮೇಲೆ ನಿಂತಿತ್ತು, ಆ ಅಂದಾಜನ್ನ ತಮಗೆ ಬೇಕಾದ ಹಾಗೆ ತಿರುಚಿದ್ದಕ್ಕೆ 2012ರಲ್ಲಿ ಬಾರ್ಕ್ಲೇಸ್ ಸುಮಾರು 29 ಕೋಟಿ ಪೌಂಡ್ ದಂಡ ಕಟ್ಟಿತು. ಲಂಡನ್ನಿನಲ್ಲಿ ಸಂಜೆ 4 ಗಂಟೆಗೆ ನಿಗದಿ ಆಗೋ ಕರೆನ್ಸಿ ದರದ ಸುತ್ತ ಬೇರೆ ಬೇರೆ ಬ್ಯಾಂಕಿನ ಟ್ರೇಡರ್‌ಗಳು ಚಾಟ್‌ರೂಮಲ್ಲಿ ಮಾತಾಡ್ಕೊಂಡು ಆಟ ಆಡಿದ್ದಕ್ಕೆ 2014ರಲ್ಲಿ ದೊಡ್ಡ ದಂಡ ಬಿತ್ತು. ಜೆಪಿ ಮಾರ್ಗನ್ ಚಿನ್ನ ಬೆಳ್ಳಿ ಫ್ಯೂಚರ್ಸ್ (ಮುಂದಿನ ಒಂದು ದಿನಕ್ಕೆ ಇವತ್ತೇ ಬೆಲೆ ಗೊತ್ತುಮಾಡ್ಕೊಳ್ಳೋ ಒಪ್ಪಂದ) ಮತ್ತೆ ಅಮೆರಿಕದ ಸರ್ಕಾರಿ ಬಾಂಡ್‌ಗಳಲ್ಲಿ ಸ್ಪೂಫಿಂಗ್ ಮಾಡಿದ್ದಕ್ಕೆ 2020ರಲ್ಲಿ 92 ಕೋಟಿ ಡಾಲರ್ ಕಟ್ಟಿತು. ಸ್ಪೂಫಿಂಗ್ ಅಂದ್ರೆ ನಿಜವಾಗ್ಲೂ ಕೊಳ್ಳೋ ಉದ್ದೇಶ ಇಲ್ದೆ ದೊಡ್ಡ ಆರ್ಡರ್ ತೋರಿಸಿ, ಬೇರೆಯವರು ನಂಬಿ ಬೆಲೆ ಏರಿಸಿದ ತಕ್ಷಣ ಅದನ್ನ ಕ್ಯಾನ್ಸಲ್ ಮಾಡಿ, ಆ ಏರಿದ ಬೆಲೇಲಿ ತಮ್ಮದನ್ನ ಮಾರೋದು. ಎಲ್ಲವೂ ಸ್ವಲ್ಪ ಹೊತ್ತಿನ ತಳ್ಳಾಟ, ಸಣ್ಣ ಸಣ್ಣ ಅಂತರ, ಅದನ್ನೇ ಸಾವಿರಾರು ಸಲ ಮಾಡಿ ಕಾಸು ಮಾಡ್ಕೊಳ್ಳೋದು. ಇನ್ನೊಂದು ಗಮನಿಸಿ, ಬೆರಳೆಣಿಕೆಯ ಜನ ಇದ್ದ ಚಾಟ್‌ರೂಮಿನ ಮಾತುಗಳೇ ಕೊನೆಗೆ ತನಿಖೆಯೋರ ಕೈಗೆ ಸಿಕ್ವು, ಹಾಗಿರುವಾಗ ಸಾವಿರಾರು ಜನ ಸೇರಿ ದಶಕಗಟ್ಟಲೆ ಇಡೀ ಮಾರ್ಕೆಟ್ ನಡೆಸ್ತಿದ್ದಾರೆ, ಆದ್ರೂ ಒಂದು ಮೆಸೇಜೂ ಹೊರಗೆ ಬಂದಿಲ್ಲ ಅಂತ ನಂಬೋದು ಕಷ್ಟ.

ಸರ್ಕಾರಗಳ ವಿಷಯ ಬೇರೆ, ಅವು ಮಾಡಿದಾಗ ಬಹುಪಾಲು ಕಣ್ಣೆದುರಿಗೇ ಮಾಡಿವೆ. 1998ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ಡಾಲರ್ ಬೀಳುತ್ತೆ ಅಂತ ಒಂದು ಕಡೆ, ಅಲ್ಲಿನ ಶೇರ್ ಸೂಚ್ಯಂಕ ಹ್ಯಾಂಗ್‌ಸೆಂಗ್ ಬೀಳುತ್ತೆ ಅಂತ ಇನ್ನೊಂದು ಕಡೆ ಒಟ್ಟಿಗೇ ಬಾಜಿ ಕಟ್ಟಿದ ಹೆಡ್ಜ್ ಫಂಡ್‌ಗಳ (ಶ್ರೀಮಂತರ ದುಡ್ಡಲ್ಲಿ ದೊಡ್ಡ ಬಾಜಿ ಕಟ್ಟೋ ನಿಧಿಗಳ) ವಿರುದ್ಧ ಅಲ್ಲಿನ ಸರ್ಕಾರ ಎರಡೇ ವಾರದಲ್ಲಿ ಸುಮಾರು 11,800 ಕೋಟಿ ಹಾಂಗ್‌ಕಾಂಗ್ ಡಾಲರಿನ ಶೇರ್ ಕೊಂಡ್ಕೊಂಡ್ತು, ಗೆದ್ದಿತು ಕೂಡ. ಆದ್ರೆ ಆ ಬಾಜಿಗೆ ಫ್ಯೂಚರ್ಸ್ ಮುಗಿಯೋ ದಿನ ಅಂತ ಒಂದು ಗಡುವಿತ್ತು, ಅಲ್ಲಿವರೆಗೆ ಹಿಡಿದಿದ್ರೆ ಸಾಕಿತ್ತು, ಸರ್ಕಾರದ ಹತ್ರ ವಿದೇಶಿ ಮೀಸಲು ದುಡ್ಡು ರಾಶಿ ಇತ್ತು. ಚೀನಾ 2015ರಲ್ಲಿ ಸರ್ಕಾರಿ ಸಂಸ್ಥೆಗಳಿಂದ ಶೇರ್ ಕೊಳ್ಳಿಸ್ತು, ಶೇ. 5ಕ್ಕಿಂತ ಜಾಸ್ತಿ ಪಾಲು ಇರೋರು ಆರು ತಿಂಗಳು ಮಾರಬಾರದು ಅಂತ ತಡೆ ಹಾಕಿತು, ಹಾಗಿದ್ರೂ ಆಗಸ್ಟ್‌ನಲ್ಲಿ ಮಾರ್ಕೆಟ್ ಮತ್ತೆ ಕುಸೀತು.

ಜಪಾನ್‌ದು ಇನ್ನೂ ದೊಡ್ಡ ಪ್ರಯೋಗ. ಬ್ಯಾಂಕ್ ಆಫ್ ಜಪಾನ್ 2010ರ ಕೊನೆಯಿಂದ ಇಟಿಎಫ್‌ಗಳನ್ನ, ಅಂದ್ರೆ ಹಲವು ಕಂಪನಿಗಳ ಶೇರ್ ಒಟ್ಟಿಗೇ ಇರೋ ಬುಟ್ಟಿಯಂಥ ಫಂಡ್‌ಗಳನ್ನ, ಕೊಳ್ಳೋಕೆ ಶುರು ಮಾಡಿ, ಎಷ್ಟು ಕೊಂಡ್ವಿ ಅಂತ ತಾನೇ ಪ್ರಕಟಿಸ್ತಾ, ಹೆಚ್ಚಾಗಿ ಮಾರ್ಕೆಟ್ ಬಿದ್ದ ದಿನವೇ ಕೊಳ್ತಾ, ದೇಶದ ಶೇರುಗಳ ಅತಿ ದೊಡ್ಡ ಒಡೆಯರಲ್ಲಿ ಒಬ್ಬರಾಗಿ ಬೆಳೀತು, ಹೊಸ ಖರೀದಿ ನಿಂತಿದ್ದು 2024ರ ಮಾರ್ಚ್‌ನಲ್ಲಿ. ನೋಟು ತಾನೇ ಸೃಷ್ಟಿಸೋ ಬ್ಯಾಂಕು ಇಷ್ಟು ವರ್ಷ ಕೊಂಡ್ರೂ ಜಪಾನಿನ ಶೇರ್ ಸೂಚ್ಯಂಕ ನಿಕ್ಕೈ ತನ್ನ 1989ರ ಎತ್ತರ ದಾಟಿದ್ದು 34 ವರ್ಷ ಆದ್ಮೇಲೆ, 2024ರ ಫೆಬ್ರವರಿಯಲ್ಲಿ.

ಅಮೆರಿಕದಲ್ಲಿ ಜನ ಬೆರಳು ತೋರ್ಸೋದು "ಪ್ಲಂಜ್ ಪ್ರೊಟೆಕ್ಷನ್ ಟೀಮ್" (ಕುಸಿತ ತಡೆಯೋ ತಂಡ) ಕಡೆಗೆ. ಅದು ಇರೋದು ನಿಜ, ಡೌ ಒಂದೇ ದಿನ ಶೇ. 22.6 ಬಿದ್ದ 1987ರ ಅಕ್ಟೋಬರ್ 19ರ ನಂತರ ಅಧ್ಯಕ್ಷ ರೇಗನ್ 1988ರಲ್ಲಿ ಆದೇಶ ಹೊರಡಿಸಿ ಮಾಡಿದ ಸಮಿತಿ ಅದು, ಆದ್ರೆ ಗುಟ್ಟಾಗಿ ಶೇರ್ ಕೊಳ್ಳುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಯಾರೂ ಕೊಟ್ಟಿಲ್ಲ.

ನನ್ನ ಪ್ರಕಾರ ಗುಟ್ಟಿನ ಕೋಣೆ ಹುಡುಕ್ತಾ ಹುಡುಕ್ತಾ ಜನ ಎದುರಿಗಿರೋ ದೊಡ್ಡ ಲಿವರನ್ನೇ ನೋಡಲ್ಲ, ಅದು ಬಡ್ಡಿದರ. ಶೇರ್ ಅಂದ್ರೆ ಮುಂದೆ ಬರೋ ಲಾಭದ ಇವತ್ತಿನ ಬೆಲೆ. ಹತ್ತು ವರ್ಷ ಆದ್ಮೇಲೆ ಬರೋ 100ರ ಇವತ್ತಿನ ಬೆಲೆ ಬಡ್ಡಿ ಶೇ. 8 ಇದ್ರೆ ಸುಮಾರು 46, ಶೇ. 1 ಇದ್ರೆ 90 ದಾಟುತ್ತೆ, ಕಂಪನಿ ಏನೂ ಬದಲಾಗದೇ ಇದ್ರೂ. 2020ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ (ಫೆಡ್) ಬಡ್ಡಿನ ಹತ್ತಿರ ಹತ್ತಿರ ಸೊನ್ನೆಗೆ ಇಳಿಸ್ತು, 23ನೇ ತಾರೀಖು ಬಾಂಡ್ ಖರೀದಿಗೆ ಮಿತಿ ಇಲ್ಲ ಅಂತ ಘೋಷಿಸ್ತು, ಅಲ್ಲಿನ ಶೇರ್ ಸೂಚ್ಯಂಕ ಎಸ್ ಆ್ಯಂಡ್ ಪಿ 500 ತಳ ಮುಟ್ಟಿ ತಿರುಗಿದ್ದು ಅದೇ ದಿನ. ಒಂದು ಕಂಪನಿಯ ಶೇರನ್ನೂ ಫೆಡ್ ಕೊಂಡಿರಲಿಲ್ಲ.

ಇಂಥ ಶಕ್ತಿ ಇರೋ ಕಡೆ ಯಾರಿಗೆ ಏನು ಮೊದಲೇ ಗೊತ್ತಿತ್ತು ಅಂತ ಕೇಳೋದು ತುಂಬಾ ಮುಖ್ಯ, ಅನುಮಾನ ಪಡೋದಾದ್ರೆ ಇಲ್ಲಿ ಪಡಬೇಕು. 2021ರಲ್ಲಿ ಫೆಡ್‌ನ ಇಬ್ಬರು ಪ್ರಾದೇಶಿಕ ಅಧ್ಯಕ್ಷರು ಹಿಂದಿನ ವರ್ಷ ಮಾಡಿದ್ದ ಸ್ವಂತ ಹೂಡಿಕೆ ವ್ಯವಹಾರ ಬಯಲಾಗಿ ದೊಡ್ಡ ಗಲಾಟೆ ಆಯ್ತು, ಇಬ್ಬರೂ ಹುದ್ದೆ ಬಿಟ್ರು. ಆಮೇಲೆ ಬಂದ ನಿಯಮದ ಪ್ರಕಾರ ಅಲ್ಲಿನ ಹಿರಿಯ ಅಧಿಕಾರಿಗಳು ಬಿಡಿ ಕಂಪನಿಗಳ ಶೇರ್ ಕೊಳ್ಳೋ ಹಾಗಿಲ್ಲ, ಬೇರೆ ಹೂಡಿಕೆ ಕೊಳ್ಳೋಕೂ ಮಾರೋಕೂ 45 ದಿನ ಮುಂಚೆ ತಿಳಿಸಬೇಕು, ಕೊಂಡಿದ್ದನ್ನ ಒಂದು ವರ್ಷವಾದ್ರೂ ಇಟ್ಕೋಬೇಕು.